ಶಿಬಿರಕ್ಕೆ ಬಂದ ಬುತ್ತಿ

ಶಿಷ್ಯ ಕೇಳಿದ: "ಗುರುಗಳೇ, ಯಾರ ಮನಸ್ಸೂ ನೋಯದಿರಲಿ ಎಂದು ಆಡಿದ ಸುಳ್ಳು ಪಾಪವೇ?"

ಕೇಳಿದವನು ಎಲೀಷ. ದೇವಜ್ಞಾನ ಶಾಲೆಯಲ್ಲಿ ಓದು ಮುಗಿಸಿ ಪಾದ್ರಿಯಾಗಲು ಹೊರಟಿದ್ದ ತರುಣ. ಅವನನ್ನು ಒಂದು ಹಳ್ಳಿಗೆ ನೇಮಿಸಿದ್ದರು. ಅಲ್ಲಿ ಮಕ್ಕಳಿಗಾಗಿ ಶಿಬಿರದ ಕಟ್ಟಡವೊಂದು ಏಳಲಿತ್ತು. ಕಟ್ಟಲು ಪರದೇಶದಿಂದ ಸ್ವಯಂಸೇವಕರು ಬರುವವರಿದ್ದರು. ಅವರ ಮಾತನ್ನು ಹಳ್ಳಿಯವರಿಗೆ, ಹಳ್ಳಿಯವರ ಮಾತನ್ನು ಅವರಿಗೆ ತಿಳಿಸುವ ಕೆಲಸ ಎಲೀಷನ ಪಾಲಿಗೆ ಬಂದಿತ್ತು.

ಗುರುಗಳು ಜ್ಞಾನಮಿತ್ರ ಅಯ್ಯನವರು. ಅವರ ಕಾಲಿಗೆ ವಯಸ್ಸಾಗಿತ್ತು, ನಾಲಿಗೆಗೆ ಆಗಿರಲಿಲ್ಲ.

"ಇನ್ನೂ ಗಾಡಿ ಹತ್ತಿಲ್ಲ, ಆಗಲೇ ಸುಳ್ಳಿಗೆ ಅಪ್ಪಣೆ ಕೇಳಲು ಬಂದೆಯಾ?" ಎಂದರು. ಶಿಷ್ಯ ತಲೆ ತಗ್ಗಿಸಿದ. "ಇರಲಿ, ಕೂತುಕೋ. ಒಬ್ಬ ಪಾದ್ರಿಯ ಕತೆ ಹೇಳುತ್ತೇನೆ. ಅವನು ತೀರಿಕೊಂಡು ಬಹಳ ಕಾಲವಾಯಿತು. ಹೆಸರು ಬೇಡ."

ಗುರುಗಳು ಹೇಳಿದ ಕತೆ ಇದು.

ಒಂದು ಊರು. ಊರಾಚೆ ಒಂದು ಕೇರಿ. ಕೇರಿಯವರು ಅಜ್ಜ ಅಜ್ಜಿಯರ ಕಾಲದಿಂದ ಕ್ರೈಸ್ತರು. ನೀವು ಹೇಗೆ ಕ್ರೈಸ್ತರಾದಿರಿ ಎಂದು ಕೇಳಿದರೆ ಅವರು ಯಾವ ಉಪದೇಶದ ಮಾತನ್ನೂ ಹೇಳುತ್ತಿರಲಿಲ್ಲ. ಹಿಂದೆ ಒಬ್ಬ ಬಿಳಿಯ ದೊರೆ ಪಾದ್ರಿ ಬಿಸಿಲಲ್ಲಿ ನಡೆದು ಬಂದು, ಕೇರಿಯ ಒಂದು ಮನೆಯ ಹೊಸ್ತಿಲ ಮೇಲೆ ಕೂತು, ಹಸಿವಾಗಿದೆ, ರೊಟ್ಟಿ ಕೊಡಿ ಎಂದನಂತೆ. ಅದುವರೆಗೆ ಆ ಕೇರಿಯ ಕೈ ತಟ್ಟಿದ ರೊಟ್ಟಿಯನ್ನು ಊರಿನ ಒಂದು ಬಾಯಿಯೂ ಮುಟ್ಟಿರಲಿಲ್ಲ. ಮನೆಯವಳು ಹೆದರುತ್ತ ಕೊಟ್ಟಳು. ಅವನು ಮುರಿದು ಉಂಡ. ಉಂಡು ಇನ್ನೊಂದು ಕೇಳಿದ.

ಆ ಹೆಂಗಸಿನ ಮೊಮ್ಮಗಳು ಸುವಾರ್ತಮ್ಮ. ಈ ಕತೆಯ ಹೊತ್ತಿಗೆ ಅವಳೇ ಮುದುಕಿಯಾಗಿದ್ದಳು. ಕೇರಿಯ ಮಕ್ಕಳಿಗೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಯೇಸುಸ್ವಾಮಿ ನಮ್ಮ ಮನಿಗೆ ಪುಸ್ತಕ ಹಿಡ್ಕೊಂಡು ಬರಲಿಲ್ಲ. ಹಸ್ಕೊಂಡು ಬಂದ." ನಾನು ಈ ಶಾಲೆಯಲ್ಲಿ ಇಷ್ಟು ವರ್ಷ ಪಾಠ ಹೇಳಿದ್ದೇನೆ. ಇದಕ್ಕಿಂತ ಒಳ್ಳೆಯ ಪಾಠ ಹೇಳಿಲ್ಲ.

ಆ ಕೇರಿಗೆ ಈ ಪಾದ್ರಿ ಬಂದ. ಒಳ್ಳೆಯವನೇ. ಕೆಟ್ಟವನಾಗಿದ್ದರೆ ಈ ಕತೆ ನಿನಗೆ ಹೇಳುತ್ತಿರಲಿಲ್ಲ. ಕೆಟ್ಟವರ ಕತೆ ಕೇಳಿದರೆ ನಿಮ್ಮಂಥವರು, ಅದು ನಾನಲ್ಲ ಎಂದು ನೆಮ್ಮದಿಯಾಗಿ ಎದ್ದು ಹೋಗುತ್ತೀರಿ. ಇವನು ಅಂಥದೇ ಒಂದು ಕೇರಿಯಲ್ಲಿ ಹುಟ್ಟಿ, ಕಷ್ಟಪಟ್ಟು ಓದಿ ಮೇಲೆ ಬಂದವನು. ಬೇಸಿಗೆಯಲ್ಲಿ ಸುತ್ತಲಿನ ಹಳ್ಳಿಯ ಮಕ್ಕಳು ಬಂದು ಉಳಿದು, ಕಲಿತು, ಆಡಿ ಹೋಗಲು ಒಂದು ಶಿಬಿರವಾಗಬೇಕೆಂದು ಕಾಲು ಸವೆಯುವಷ್ಟು ಓಡಾಡಿದ. ಪರದೇಶದ ಒಂದು ಕ್ರೈಸ್ತ ಸಭೆ ಒಪ್ಪಿತು. ತನ್ನ ಜನರನ್ನೇ ಕಟ್ಟಲು ಕಳಿಸಿತು.

ಬಂದವರೂ ಒಳ್ಳೆಯವರೇ. ಕಲ್ಲು ಹೊತ್ತರು, ಮಣ್ಣು ತುಂಬಿದರು, ಹಾಡಿದರು. ಬಿಸಿಲಿಗೆ ಅವರ ಮುಖ ಕೆಂಪಾದದ್ದನ್ನು ನೋಡಿ ಕೇರಿಯ ಹೆಂಗಸರು ಮೊದಲು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಅಯ್ಯೋ ಪಾಪ ಎಂದರು. ಅಯ್ಯೋ ಪಾಪ ಎಂದ ಮೇಲೆ ಕೇರಿಯವರಿಗೆ ಕೈಕಟ್ಟಿ ಕೂರಲು ಬರುವುದಿಲ್ಲ.

ಆ ಕೇರಿಯಲ್ಲಿ ಒಂದು ಪದ್ಧತಿ ಇತ್ತು. ಯಾರ ಮನೆಯ ಗೋಡೆ ಏಳುತ್ತಿದ್ದರೂ ಕಲ್ಲು ಹೊರುವವರಿಗೆ ಉಳಿದ ಮನೆಗಳಿಂದ ಬುತ್ತಿ ಹೋಗಬೇಕು. ಯಾರೂ ಕರೆಯುವುದಿಲ್ಲ, ಯಾರೂ ಕೇಳುವುದಿಲ್ಲ. ಬುತ್ತಿ ಹೋಗುತ್ತದೆ, ಅಷ್ಟೇ. ಶಿಬಿರವೆಂದರೆ ತಮ್ಮ ಮಕ್ಕಳ ಮನೆಯೇ ಅಲ್ಲವೇ ಎಂದು ಸುವಾರ್ತಮ್ಮ ಮೊದಲ ಬುತ್ತಿ ಕಟ್ಟಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹಿಂದೆಯೇ ಉಳಿದ ಮನೆಗಳವರೂ ಕಟ್ಟಿದರು. ಎಲ್ಲವನ್ನೂ ತಂದು ಪಾದ್ರಿಯ ಕೈಗೆ ಕೊಟ್ಟರು.

ಇಲ್ಲಿ ತೊಡಕು ಬಂತು. ಅತಿಥಿಗಳಿಗೆ ಅವರ ದೇಶದ ವೈದ್ಯರು ಕಟ್ಟಪ್ಪಣೆ ಮಾಡಿ ಕಳಿಸಿದ್ದರು. ತಾವು ತಂದ ಡಬ್ಬಿಯ ಊಟ, ತಾವು ತಂದ ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಕೂಡದು. ಒಬ್ಬರು ಕಾಯಿಲೆ ಬಿದ್ದು ಮಲಗಿದರೂ ಎಲ್ಲರೂ ಹಿಂತಿರುಗಬೇಕು, ಕಟ್ಟಡ ಅರ್ಧಕ್ಕೆ ನಿಲ್ಲಬೇಕು. ಅವರ ಮುಖಂಡಳಾಗಿದ್ದ ಹೆಣ್ಣುಮಗಳು ಬುತ್ತಿಯನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. ನಾವು ಉಣ್ಣುವಂತಿಲ್ಲ, ನಿಜ ಹೇಳಿ ಕ್ಷಮೆ ಕೇಳಿ ಎಂದು ಪಾದ್ರಿಯನ್ನು ಬೇಡಿಕೊಂಡಳು.

ಪಾದ್ರಿ ಯೋಚಿಸಿದ. ಈ ಕೇರಿಯ ಮುಂದೆ ನಿಂತು, ನಿಮ್ಮ ಕೈಯ ಊಟ ಅವರಿಗೆ ಆಗುವುದಿಲ್ಲ ಎಂದು ಹೇಗೆ ಹೇಳುವುದು? ವೈದ್ಯರು ಎಂದರೂ, ಹೊಟ್ಟೆ ಎಂದರೂ ಇವರ ಕಿವಿಗೆ ಬೀಳುವುದು ಆ ಹಳೆಯ ಮಾತೇ ಅಲ್ಲವೇ? ಬೇಡ ಎಂದುಕೊಂಡ. "ನನಗೆ ಬಿಡಿ, ನಾನು ಹೇಳುತ್ತೇನೆ. ಈ ಊಟ ಹಸಿದವರಿಗೆ ಮುಟ್ಟುತ್ತದೆ" ಎಂದು ಅವಳನ್ನು ಸಮಾಧಾನಪಡಿಸಿದ. ಅತಿಥಿಗಳ ಮೇಜಿನಲ್ಲಿ ಅವನಿಗೂ ಒಂದು ತಟ್ಟೆ ಇಟ್ಟಿದ್ದರು. ಕೂತು ಅವರ ಜೊತೆ ಡಬ್ಬಿಯ ಊಟ ಮುಗಿಸಿದ.

ಸಂಜೆ ಕೇರಿಯ ಹೆಂಗಸರು ಕೇಳಿದರು, ಉಂಡರೇ ಎಂದು. "ಬೆರಳು ನೆಕ್ಕಿಕೊಂಡು ಉಂಡರು" ಎಂದ ಪಾದ್ರಿ.

ನೋಡು, ಎಷ್ಟು ಸಣ್ಣ ಸುಳ್ಳು! ಎರಡು ಕಡೆಯವರ ಮನಸ್ಸೂ ಉಳಿಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಯಿತು ಎಂದುಕೊಂಡು ಅವನು ಮಲಗಿದ.

ಆದರೆ ಹೊಗಳಿಕೆ ಎಂಬುದು ಒಲೆಗೆ ಹಾಕಿದ ಒಣ ಕಟ್ಟಿಗೆ. ಬೆಳಗಾದರೆ ಮನೆಮನೆಗೂ ಪೈಪೋಟಿ. ಕ್ರಿಸ್ಮಸ್ಸಿಗೆಂದು ಎತ್ತಿಟ್ಟಿದ್ದ ಬೆಲ್ಲ ಹೊರಗೆ ಬಂತು. ಮನೆಯ ಮಕ್ಕಳಿಗೆ ಅಂಬಲಿ ಕುಡಿಸಿ ಅತಿಥಿಗಳಿಗೆ ರೊಟ್ಟಿ ತಟ್ಟಿದರು. ಸುವಾರ್ತಮ್ಮನಿಗೆ ಇನ್ನೊಂದು ಆಸೆ ಹುಟ್ಟಿತು. ತನ್ನ ಅಜ್ಜಿ ಬಡಿಸಿದ ಹಾಗೆ ತಾನೂ ಒಮ್ಮೆ ಕೈಯಾರೆ ಬಡಿಸಬೇಕು, ಅವರು ರೊಟ್ಟಿ ಮುರಿಯುವುದನ್ನು ಕಣ್ಣಾರೆ ನೋಡಬೇಕು. ಸಾಯುವ ಮುಂಚೆ ಅಷ್ಟು ಸಾಕು ಎಂದಳು. ಪಾದ್ರಿ, ಹೆಂಗಸರು ಎದುರಿಗೆ ನಿಂತರೆ ಅವರು ನಾಚಿಕೊಂಡು ಉಣ್ಣುವುದಿಲ್ಲ ಎಂದ. ಒಂದು ಸುಳ್ಳು ಒಂಟಿಯಾಗಿ ಬಾಳುವುದಿಲ್ಲವಲ್ಲ. ಮುದುಕಿ ನಂಬಿದಳು. ನಾಚುವ ಮಕ್ಕಳು, ಒಳ್ಳೆಯ ಮಕ್ಕಳು ಎಂದಳು.

ಬುತ್ತಿಗಳನ್ನು ಏನು ಮಾಡುವುದು? ಹಸಿದವರಿಗೆ ಮುಟ್ಟಿಸುತ್ತೇನೆ ಎಂದಿದ್ದ. ಕೇರಿಯೊಳಗೆ ಕೊಟ್ಟರೆ ಗುಟ್ಟು ರಟ್ಟಾಗುತ್ತದೆ. ಊರೊಳಗೆ ಕೊಡೋಣವೆಂದರೆ ಆ ಕೇರಿಯ ರೊಟ್ಟಿಯನ್ನು ಊರಲ್ಲಿ ಯಾರು ಮುಟ್ಟುತ್ತಾರೆ? ಹೊರಗೆ ಎಸೆದರೆ ನಾಯಿಗಳು ಎಳೆದಾಡಿ ಎಲ್ಲರಿಗೂ ತೋರಿಸುತ್ತವೆ. ಆಗ ಕಟ್ಟಡದ ಪಾಯ ಎದ್ದು, ಒಳಗೆ ನೆಲಕ್ಕೆ ಮಣ್ಣು ತುಂಬುತ್ತಿದ್ದರು. ಮಧ್ಯಾಹ್ನ ಊಟ ಮುಗಿಸಿ ಅತಿಥಿಗಳು ನೆರಳಿಗೆ ಹೋದಾಗ ಪಾದ್ರಿ ಬುತ್ತಿಗಳನ್ನು ಅಲ್ಲಿ ಸುರಿದು ಮಣ್ಣೆಳೆದ. ಮೊದಲ ದಿನ ಸುತ್ತ ನೋಡಿ ನೋಡಿ ಸುರಿದ. ಆಮೇಲೆ ರೂಢಿಯಾಯಿತು.

ಗೋಡೆ ಎದ್ದಿತು. ಚಾವಣಿ ಕೂತಿತು. ನೆಲವೊಂದು ಉಳಿಯಿತು. ನೆಲ ದಮ್ಮಸು ಮಾಡುವುದು, ಅಂದರೆ ತುಂಬಿದ ಮಣ್ಣಿಗೆ ನೀರು ಚಿಮುಕಿಸಿ ಕುಟ್ಟಿ ಗಟ್ಟಿ ಮಾಡುವುದು, ಆ ಕಡೆ ಹೆಂಗಸರ ಕೆಲಸ. ನಮ್ಮ ಮಕ್ಕಳು ಮಲಗುವ ನೆಲ, ಇದನ್ನು ನಾವೇ ಮಾಡುತ್ತೇವೆ ಎಂದು ಕೇರಿಯ ಹೆಂಗಸರೆಲ್ಲ ಬಂದರು. ಪಾದ್ರಿ ಆ ಹೊತ್ತು ಅತಿಥಿಗಳ ಪಯಣದ ಏರ್ಪಾಟಿಗೆ ಪಟ್ಟಣಕ್ಕೆ ಹೋಗಿದ್ದ.

ಹೆಂಗಸರು ಹಾಡುತ್ತ ಕುಟ್ಟಿದರು. ಒಂದು ಮೂಲೆಯಲ್ಲಿ ನೆಲ ಕುಸಿಯಿತು. ಎಷ್ಟು ಕುಟ್ಟಿದರೂ ಮೆತ್ತಗೇ ಇತ್ತು. ಒಳಗೇನೋ ಕಸ ಸೇರಿದೆ, ತೆಗೆದು ಹೊಸ ಮಣ್ಣು ತುಂಬೋಣ ಎಂದು ಅಗೆದರು.

ಹಾಡು ನಿಂತಿತು.

ಮಣ್ಣೊಳಗೆ ರೊಟ್ಟಿಗಳಿದ್ದವು. ಬೂಷ್ಟು ಹಿಡಿದಿದ್ದವು, ಆದರೂ ರೊಟ್ಟಿಗಳೇ. ತಟ್ಟಿದ ಕೈಗೆ ತನ್ನ ರೊಟ್ಟಿಯ ಗುರುತು ಹತ್ತದೇ ಇರುತ್ತದೆಯೇ? ಒಬ್ಬಳದು ಅಂಚು ದಪ್ಪ, ಒಬ್ಬಳದು ಎಳ್ಳು ಹಚ್ಚಿದ್ದು. ಮೊದಲು ಪ್ರತಿಯೊಬ್ಬಳೂ ತನ್ನದನ್ನು ಮಾತ್ರ ಕಂಡಳು. ತನ್ನದೊಂದೇ ರುಚಿಯಾಗಲಿಲ್ಲವೇನೋ, ಉಪ್ಪು ಹೆಚ್ಚಾಯಿತೇನೋ ಎಂದು ನಾಚಿ, ಪಕ್ಕದವಳಿಗೆ ಕಾಣದಂತೆ ಮಣ್ಣೆಳೆದಳು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರದೂ ಅಲ್ಲಿತ್ತು.

ಯಾರೂ ಕೂಗಲಿಲ್ಲ. ಬಯ್ಯಲೂ ಇಲ್ಲ. ತಪ್ಪು ಮಾಡಿದವರ ಹಾಗೆ, ಯಾರಾದರೂ ಕಂಡಾರು ಎಂದು ಬೇಗ ಬೇಗ ಮಣ್ಣು ಮುಚ್ಚಿದರು. ಸುವಾರ್ತಮ್ಮ ನೀರು ಚಿಮುಕಿಸಿದಳು. ಮತ್ತೆ ಕುಟ್ಟಿದರು, ಗಟ್ಟಿಯಾಗುವ ತನಕ ಕುಟ್ಟಿದರು. ಮನೆಗೆ ಹೋಗಿ ಗಂಡಸರಿಗೂ ಹೇಳಲಿಲ್ಲ. ಎಸೆದವನಿಗೆ ಆಗಬೇಕಿದ್ದ ನಾಚಿಕೆ ಎಸೆಸಿಕೊಂಡವರಿಗೆ ಆಯಿತು. ನಮ್ಮ ದೇಶದಲ್ಲಿ ಅದು ಹೀಗೆಯೇ ನಡೆದು ಬಂದಿದೆ, ಎಲೀಷ.

ಕಟ್ಟಡದ ಪ್ರತಿಷ್ಠೆಯ ದಿನ ಬಂತು. ಪ್ರಾರ್ಥನೆಯಾಯಿತು, ಕೀರ್ತನೆಯಾಯಿತು. ಕೇರಿಯವರು ಅದೇ ನೆಲದ ಮೇಲೆ ಕೂತಿದ್ದರು. ಅಂದು ಯಾರ ಮನೆಯಿಂದಲೂ ಬುತ್ತಿ ಬಂದಿರಲಿಲ್ಲ. ಪಾದ್ರಿ ಅದನ್ನು ಗಮನಿಸಲಿಲ್ಲ. ಸುರಿಯುವ ಕೆಲಸ ತಪ್ಪಿತು ಎಂದುಕೊಂಡಿದ್ದರೂ ಇರಬಹುದು.

ಮುಖಂಡಳು ಮಾತಾಡಲು ಎದ್ದಳು. ಅವಳು ತನ್ನ ಭಾಷೆಯಲ್ಲಿ ಹೇಳಿದ್ದು ಇಷ್ಟು: "ನಿಮ್ಮ ಊಟವನ್ನು ನಾವು ಒಂದು ತುತ್ತೂ ಉಣ್ಣಲಿಲ್ಲ. ಉಣ್ಣುವಂತಿರಲಿಲ್ಲ. ಅದು ತಿಳಿದ ಮೇಲೂ ನೀವು ತರುವುದನ್ನು ನಿಲ್ಲಿಸಲಿಲ್ಲ. ನಮಗೆ ನಾಚಿಕೆಯಾಗಿದೆ. ಕ್ಷಮಿಸಿ." ಹೇಳುತ್ತ ಅತ್ತಳು, ಕೈ ಮುಗಿದಳು.

ಪಾದ್ರಿ ಕನ್ನಡದಲ್ಲಿ ಹೇಳಿದ: "ನಿಮ್ಮ ಊಟ ನಮಗೆ ಆಕಾಶದಿಂದ ದೇವರು ಸುರಿಸಿದ ಮನ್ನದ ಹಾಗೆ ರುಚಿಸಿತು. ಅದನ್ನು ಎಂದೂ ಮರೆಯುವುದಿಲ್ಲ ಅಂತಾರ."

ಗಂಡಸರು ಚಪ್ಪಾಳೆ ತಟ್ಟಿದರು. ಹೆಂಗಸರು ತಟ್ಟಲಿಲ್ಲ. ಸುವಾರ್ತಮ್ಮ ನೆಲಕ್ಕೆ ಕೈಯೂರಿ ಎದ್ದು ನಿಂತಳು.

"ಅಯ್ಯನೋರ, ಆ ಮಗಳು ಹಂಗ ಹೇಳಿಲ್ಲ. ಉಂಡವ್ರು ಹಂಗ ಅಳೂದಿಲ್ಲ."

"ಅಮ್ಮಾ, ಬಿಟ್ಟು ಹೋಗೂ ಸಂಕಟಕ್ಕ ಅಳಾಕತ್ಯಾಳ" ಎಂದ ಪಾದ್ರಿ.

"ನೆಲ ಕುಟ್ಟಿದವ್ರು ನಾವು. ನಮ್ಮ ರೊಟ್ಟಿ ಎಲ್ಲಿ ಅದಾವ ನಮಗ ಗೊತ್ತೈತಿ" ಎಂದಳು ಸುವಾರ್ತಮ್ಮ. ಅವಳ ದನಿ ಏರಲಿಲ್ಲ. "ಊರಾಗ ಗೌಡರ ಮನ್ಯಾಗ, ನಿಮ್ಮ ಕೈಯಾಂದು ಉಣ್ಣೂದಿಲ್ಲ ಅಂತ ಮಾರಿ ಮ್ಯಾಲ ಹೇಳತಿದ್ರು. ನಾವು ಒಯ್ಯತಿದ್ದಿಲ್ಲ. ನೀವೂ ಒಂದು ಮಾತು ಹೇಳಿದ್ದರ ನಾವು ತರತಿದ್ದಿಲ್ಲರಿ."

ಮುಖಂಡಳು ಪಾದ್ರಿಯ ತೋಳು ಹಿಡಿದು, ಆ ತಾಯಿ ಏನು ಹೇಳಿದರು ಎಂದು ಕೇಳಿದಳು.

"ನಿಮ್ಮನ್ನು ಹರಸುತ್ತಿದ್ದಾಳೆ" ಎಂದ ಪಾದ್ರಿ.

ಆ ಹೆಣ್ಣುಮಗಳು ಅದನ್ನು ನಂಬಿ, ಹೋಗಿ ಮುದುಕಿಯ ಮುಂದೆ ಮೊಣಕಾಲೂರಿ ತಲೆ ಬಾಗಿಸಿದಳು. ಸುವಾರ್ತಮ್ಮನಿಗೆ ನಡುವೆ ನಡೆದ ಮಾತು ತಿಳಿಯಲಿಲ್ಲ. ಬಾಗಿದ ತಲೆ ಕಂಡಿತು. ಇವಳದೇನೂ ತಪ್ಪಿಲ್ಲ ಎಂದು ಹೇಗೋ ತಿಳಿಯಿತು. ಆ ತಲೆಯ ಮೇಲೆ ಕೈಯಿಟ್ಟು, "ತಣ್ಣಗಿರವ್ವ" ಎಂದು ನಿಜವಾಗಿಯೇ ಹರಸಿದಳು. ಇಬ್ಬರೂ ಅತ್ತರು. ಪಾದ್ರಿ ಬದಿಯಲ್ಲಿ ನಿಂತಿದ್ದ. ಅವನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು. ಆದರೆ ಹೆಂಗಸರು ಅದನ್ನು ಗಟ್ಟಿಯಾಗಿ ಕುಟ್ಟಿದ್ದರು.

ಅತಿಥಿಗಳು ಹೋದರು. ಶಿಬಿರ ನಡೆಯಿತು, ಮಕ್ಕಳು ಕಲಿತರು. ಕೇರಿಯವರು ಪಾದ್ರಿಯ ಮೇಲೆ ಯಾರಿಗೂ ದೂರು ಕೊಡಲಿಲ್ಲ. ಅವನು ಮನೆಗೆ ಬಂದರೆ ಕುರ್ಚಿ ಹಾಕಿದರು, ತಂಬಿಗೆಯಲ್ಲಿ ನೀರು ಕೊಟ್ಟರು, ಪ್ರಾರ್ಥನೆಗೆ ತಲೆ ಬಾಗಿಸಿದರು. ಒಲೆಯ ಮೇಲೆ ಹೆಂಚು ಕಾದಿರುತ್ತಿತ್ತು, ಮಕ್ಕಳು ತಟ್ಟೆಯ ಮುಂದೆ ಕೂತಿರುತ್ತಿದ್ದರು. ಊಟಕ್ಕೆ ಏಳಿ ಅಯ್ಯನವರೇ ಎಂದು ಮಾತ್ರ ಆ ಕೇರಿಯಲ್ಲಿ ಅವನಿಗೆ ಮತ್ತೆ ಯಾರೂ ಅನ್ನಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಎಲೀಷನಿಗೆ ಆ ಪಾದ್ರಿಯ ಮೇಲೆ ಕನಿಕರ ಬಂದಿತ್ತು. ಕನಿಕರದ ಒಳಗೆ ಸ್ವಲ್ಪ ಭಯವೂ ಇತ್ತು. ಅವನು ಹೇಳಿದ: "ಗುರುಗಳೇ, ಅವನದು ಅತ್ತ ದರಿ ಇತ್ತ ಪುಲಿ. ಅತಿಥಿಗಳು ಉಂಡರೆ ಅವರ ಹೊಟ್ಟೆ ಕೆಡುತ್ತಿತ್ತು. ನಿಜ ಹೇಳಿದರೆ ಕೇರಿಯ ಮನಸ್ಸು ಕೆಡುತ್ತಿತ್ತು. ಊರವರು ಮುಟ್ಟುತ್ತಿರಲಿಲ್ಲ. ಮಣ್ಣಿಗೆ ಹಾಕದೆ ಆ ರೊಟ್ಟಿಯನ್ನು ಅವನು ಇನ್ನೇನು ಮಾಡಬಹುದಿತ್ತು?"

ಗುರುಗಳು ಅವನನ್ನು ನೋಡಿದರು.

"ಅತಿಥಿಗಳ ಹೊಟ್ಟೆಗೆ ಆಗುತ್ತಿರಲಿಲ್ಲ, ಒಪ್ಪಿದೆ, ಪಾದ್ರಿಯ ಹೊಟ್ಟೆಗೆ ಏನಾಗಿತ್ತು?"