ಹೇಳಿದರೆ ಇಲ್ಲವಾಗುವ ತೊಟ್ಟಿಲು

“ಕೇಳಿರಪ್ಪೋ ಕೇಳಿ! ಮಹಾರಾಜರ ಅಪ್ಪಣೆ! ರಾಜಕುಮಾರಿ ಹೊನ್ನಾಂಬೆಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನು ಏನು ಕೇಳಿದರೂ ಕೊಡಲಾಗುವುದು, ರಾಜಕುಮಾರಿಯನ್ನೇ ಕೇಳಿದರೂ ಸರಿ. ಒಂದು ತಪ್ಪಿದರೂ ತಲೆ ಹೋಗುವುದು!”

ಕಲ್ಲಗಿರಿ ಪಟ್ಟಣದಲ್ಲಿ ಹೀಗೆ ಡಂಗುರ ಹೊಡೆದಾಗ ಮಡಿವಾಳರ ಮಾಚ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ. ಇರುವುದೇ ಒಂದು ತಲೆ, ಅದನ್ನೂ ಪಣಕ್ಕಿಡುವ ಹುಚ್ಚು ಯಾರಿಗಪ್ಪಾ ಎಂದುಕೊಂಡು ನಕ್ಕ. ಆ ಹುಚ್ಚು ತನ್ನ ಸ್ವಂತ ಅಣ್ಣ ಚೆನ್ನನಿಗೇ ಹಿಡಿದೀತೆಂದು ಪಾಪ, ಅವನೇನು ಕನಸು ಕಂಡಿದ್ದನೇ?

ಮೊದಲ ಒಗಟೇ ಎಲ್ಲರಿಗೂ ಮಣ್ಣು ಮುಕ್ಕಿಸಿತು. “ದಾರಿ ಕೇಳದೆ ಬರುತ್ತದೆ, ಸುಂಕ ಕಟ್ಟದೆ ಗಡಿ ದಾಟುತ್ತದೆ. ತಾಯಿ ಬಂದ ದಾರಿಯಲ್ಲೇ ಮಕ್ಕಳು ಹಿಂದಿರುಗುತ್ತವೆ, ಆದರೆ ತಾಯಿಯ ಮುಖವನ್ನು ಅವು ಕಂಡೇ ಇರುವುದಿಲ್ಲ. ಏನದು?” ಎಂದು ರಾಜಕುಮಾರಿ ಕೇಳಿದಳು. ಸೆಟ್ಟಿಯ ಮಗ ಗಾಳಿ ಎಂದ. ಗಾಳಿಗೆ ಮಕ್ಕಳುಂಟೇ ಎಂದು ಅವಳು ಕೇಳಿದಳು, ಅವನನ್ನು ಸೆರೆಗೆ ಎಳೆದೊಯ್ದರು. ಆಸ್ಥಾನದ ಪಂಡಿತರು ಮೋಡವೇ ತಾಯಿ, ಮಳೆಯೇ ಮಕ್ಕಳು ಎಂದು ಶಲ್ಯ ಕೊಡವಿದರು. ಸುರಿದ ಮಳೆ ಬಂದ ದಾರಿಯಲ್ಲೇ ವಾಪಸು ಹೋದದ್ದನ್ನು ಕಂಡಿದ್ದೀರಾ ಎಂದಾಗ ಶಲ್ಯ ಹೆಗಲಿನಿಂದ ಜಾರಿತು. ಚೆನ್ನ ಹಕ್ಕಿ ಎಂದ. ಗುಟುಕು ಕೊಟ್ಟು ಸಾಕುವ ತಾಯಿಯ ಮುಖ ಮರಿ ಕಾಣದೆ ಇರುತ್ತದೆಯೇ? ಅವನನ್ನೂ ಸೆರೆಗೆ ತಳ್ಳಿದರು. ಹೀಗೆ ಸೋತ ಒಂಬತ್ತು ಮಂದಿಯ ತಲೆ ಶುಕ್ರವಾರ ಉರುಳಬೇಕೆಂದು ತೀರ್ಮಾನವಾಯಿತು.

ಅಪ್ಪ ಅವ್ವ ಹೋದ ಮೇಲೆ ಮಾಚನನ್ನು ಎತ್ತಿ ಬೆಳೆಸಿದವನು ಆ ಅಣ್ಣನೇ. ಒಗಟನ್ನು ಯಾರೋ ಹೇಳಿದ್ದು ಕೇಳಿದಾಗ ಅವನು ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿನ ಮೇಲೆಯೇ ಬಿಟ್ಟು ಎದ್ದ. ಉತ್ತರ ಅವನು ದಿನಾ ಕಾಣುತ್ತಿದ್ದ ಸಂಗತಿ!

ಚೆನ್ನ ದೊಡ್ಡ ಮನೆಗಳ ತಲೆಬಾಗಿಲಲ್ಲಿ ಬಟ್ಟೆ ಇಸಿದುಕೊಳ್ಳುವವನು. ಬಡವರ ಕೇರಿಗಳ ಹಿತ್ತಲ ಬಾಗಿಲು ಮಾಚನ ಪಾಲು. ಹಿತ್ತಲಿಗೆ ಹೋಗುವ ಮಡಿವಾಳನಿಗೆ ಊರಿನ ಒಳಗುಟ್ಟೆಲ್ಲ ಗೊತ್ತು: ಯಾರ ಮನೆಯಲ್ಲಿ ಜಗಳ, ಯಾರ ಮನೆಯಲ್ಲಿ ಒಲೆ ಹತ್ತಿಲ್ಲ. ಅದಕ್ಕೇ ಅವರ ಕುಲದಲ್ಲಿ ಒಂದು ಕಟ್ಟಳೆ, ಹಿತ್ತಲಲ್ಲಿ ಕಂಡದ್ದನ್ನು ಇನ್ನೊಬ್ಬರ ಮುಂದೆ ಆಡಬಾರದು. ಆಡಿದವನಿಗೆ ಮತ್ತೆ ಯಾರೂ ಬಟ್ಟೆ ಹಾಕುವುದಿಲ್ಲ. ಆ ಕೇರಿಯ ಕುಂಬಾರರ ಮುದುಕಿ ನಂಜವ್ವ ತನ್ನ ದಮ್ಮಿಗೆ ಮದ್ದೆಂದು ಹಿತ್ತಲ ಬೇಲಿಗೆ ಆಡುಮುಟ್ಟದ ಬಳ್ಳಿ ಹಬ್ಬಿಸಿದ್ದಳು. ಕಪ್ಪು ರೆಕ್ಕೆಯ ಮೇಲೆ ನೀಲಿ ಚುಕ್ಕೆಗಳ ಚಿಟ್ಟೆಗಳು ವರ್ಷವರ್ಷವೂ ಎಲ್ಲಿಂದಲೋ ಬಂದು ಅದರಲ್ಲಿ ಮೊಟ್ಟೆಯಿಟ್ಟು ಸಾಯುತ್ತಿದ್ದವು, ಮರಿಗಳು ರೆಕ್ಕೆ ಮೂಡಿದ ಮೇಲೆ ಅವು ಬಂದ ದಿಕ್ಕಿಗೇ ಹಾರುತ್ತಿದ್ದವು. ಅಂಥ ಚಿಟ್ಟೆಯನ್ನು ಆ ಪಟ್ಟಣದವರು ಕಂಡದ್ದೇ ಅಪರೂಪ. ಮಾಚ ಅದನ್ನೂ ಯಾರಿಗೂ ಹೇಳಿರಲಿಲ್ಲ.

ಗುರುವಾರ ಅವನು ಸಭೆಗೆ ಹೋಗಿ ಕೈಮುಗಿದು ನಿಂತ. ಬಟ್ಟೆಯ ಗಂಟು ಅಡುಗೆಮನೆ ಕಡೆ ಇಡು ಎಂದು ಯಾರೋ ಗದರಿದರು. “ಬಟ್ಟೆ ತಂದಿಲ್ಲ ಬುದ್ಧಿ, ತಲೆ ತಂದಿದೀನಿ” ಎಂದ ಮಾಚ. ಮೊದಲ ಒಗಟಿಗೆ ಚಿಟ್ಟೆ ಎಂದ. ದೂರದಿಂದ ವಲಸೆ ಬಂದು, ಮೊಟ್ಟೆಯಿಟ್ಟು ಸಾಯುತ್ತದೆ. ಮಕ್ಕಳು ಹೇಳಿಕೊಡುವವರಿಲ್ಲದೆಯೇ ತಾಯಿಯ ನಾಡಿಗೆ ಹಾರುತ್ತವೆ. ರಾಜಕುಮಾರಿ ತಟ್ಟನೆ ಎದ್ದು ಕೂತಳು.

“ದನ ಮೂಸದ ವಿಷ ಯಾರಿಗೆ ತಾಯ ಹಾಲು? ಅದನ್ನು ಕುಡಿದೇ ಅವರು ಹಕ್ಕಿಯ ಕೊಕ್ಕಿನಿಂದ ತಪ್ಪಿಸಿಕೊಳ್ಳುತ್ತಾರೆ” ಎಂದು ಎರಡನೆಯದನ್ನು ಹಾಕಿದಳು.

ಅದೇ ಚಿಟ್ಟೆಯ ಮರಿಹುಳುವಿಗೆ, ತಾಯೀ ಎಂದ ಮಾಚ. ಆಡೂ ಮುಟ್ಟದ ಬಳ್ಳಿಯನ್ನು ತಿಂದು ಮೈಯೆಲ್ಲ ಕಹಿ ಮಾಡಿಕೊಳ್ಳುತ್ತದೆ, ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಹತ್ತಿರ ಸುಳಿಯುವುದಿಲ್ಲ ಎಂದ.

ಸಭೆ ಗುಜುಗುಜು ಎಂದಿತು. ಮಗಳು ಹಿಂದೆ ಒಂದೇ ಒಂದು ಸಲ ಕಿಟಕಿಯಲ್ಲಿ ಕಂಡು, ಅಂದಿನಿಂದ ಹಂಬಲಿಸುತ್ತಿದ್ದ ಜೀವ ಈ ಚಿಟ್ಟೆಯೇ ಎಂದು ಮಹಾರಾಜನಿಗೆ ಹೊಳೆಯಿತು. ಬಳ್ಳಿ ಸಮೇತ ಅದನ್ನು ಕೊಯ್ದು ತರಲು ಆಳುಗಳು ಬುಟ್ಟಿ, ಕುಡುಗೋಲು ಹಿಡಿದು ಬಾಗಿಲಲ್ಲೇ ತಯಾರಾದರು.

“ಮೂರನೆಯದು” ಎಂದಳು ರಾಜಕುಮಾರಿ, ಮೆಲ್ಲಗೆ. “ಅದರ ತೊಟ್ಟಿಲು ಒಬ್ಬ ಕಂಡರೆ ತೂಗುತ್ತದೆ, ಊರೇ ಕಂಡರೆ ಹರಿಯುತ್ತದೆ. ಎಲ್ಲಿದೆ ಆ ತೊಟ್ಟಿಲು?”

ಅದು ಯಾರ ಮನೆಯಲ್ಲಿದೆಯೋ ಆ ಮನೆಯನ್ನು ಬಂಗಾರದಿಂದ ತುಂಬಿಸುತ್ತೇನೆ, ಬೇಗ ಹೇಳು ಎಂದ ಮಹಾರಾಜ. ಚೆನ್ನನನ್ನು ಹೆಡೆಮುರಿ ಕಟ್ಟಿ ತಂದು ನಿಲ್ಲಿಸಿದ್ದರು. ಹೇಳೋ ಮಾಚ, ನಿನ್ನ ಕಾಲಿಗೆ ಬೀಳ್ತೀನಿ ಎಂದು ಅವನು ಅಂಗಲಾಚಿದ. ಮಾಚನಿಗೆ ನಂಜವ್ವನ ಬೇಲಿ ಕಣ್ಣಿಗೆ ಕಟ್ಟಿತು. ಬಳ್ಳಿಯಲ್ಲಿ ಮರಿಹುಳುಗಳ ಹೊಳೆಯುವ ಹದಿನಾಲ್ಕು ಗೂಡುಗಳು ತೊಟ್ಟಿಲಿನಂತೆ ನೇತಾಡುತ್ತಿದ್ದವು. ಈ ಜನ ನುಗ್ಗಿದರೆ ಬಳ್ಳಿಯೂ ಉಳಿಯದು, ಮುದುಕಿಯ ಮದ್ದೂ ಉಳಿಯದು. ಅಣ್ಣನ ಮುಖ ನೋಡಲಾರದೆ ಅವನು ರಾಜಕುಮಾರಿಯ ಕಡೆ ತಿರುಗಿದ.

“ಎಲ್ಲಿದೆ ಅಂತ ಗೊತ್ತು ತಾಯಿ” ಎಂದ. “ಹೇಳಿದರೆ ಅದು ಇರೋದಿಲ್ಲ. ನಾನು ಹೇಳಲ್ಲ. ತಲೆ ತಗೊಳ್ಳಿ.”

ಸೋತೆಯಲ್ಲೋ ಎಂದು ಮಹಾರಾಜ ಕತ್ತಿಯವನತ್ತ ತಿರುಗಿದ. ರಾಜಕುಮಾರಿ ಅಡ್ಡ ಬಂದು ನಿಂತಳು.

“ಸೋತಿಲ್ಲ ಅಪ್ಪಾಜಿ. ಅದೇ ಉತ್ತರ. ತೊಟ್ಟಿಲು ಇರೋದು ಕಂಡವನ ಮೌನದಲ್ಲಿ. ಜಾಗ ಹೇಳಿದ್ದರೆ ಇವನೂ ತಪ್ಪುತ್ತಿದ್ದ.”

ಏನು ಬೇಕೆಂದು ಕೇಳಿದರೆ ಮಾಚ ಒಂಬತ್ತು ತಲೆಗಳನ್ನೂ ಕೇಳಿದ, ಅವರವರ ಕತ್ತಿನ ಮೇಲೆಯೇ. ಮಹಾರಾಜ ಅವರನ್ನು ಬಿಟ್ಟುಕೊಟ್ಟು, ಮೇಲೆ ಕೆರೆಯಂಚಿನ ಎರಡೆಕರೆ ಭೂಮಿಯನ್ನೂ ಕೊಟ್ಟ. ರಾಜಕುಮಾರಿಯನ್ನು ಯಾಕೆ ಕೇಳಲಿಲ್ಲ ಅಂತೀರಾ? ಕೊಟ್ಟುಬಿಡಲು ಅವಳೇನು ಒಗೆದು ಮಡಿಸಿಟ್ಟ ಸೀರೆಯೇ ಎಂದನಂತೆ. ಅದಕ್ಕೆ ಅವಳು ನಕ್ಕಳಂತೆ.

ಅಣ್ಣತಮ್ಮಂದಿರು ಮನೆಯ ದಾರಿ ಹಿಡಿದರು. ಚೆನ್ನ ನಡುದಾರಿಯಲ್ಲೇ ನಿಂತ.

“ಅದು ಉತ್ತರ ಅಂತ ನಿನಗೆ ಗೊತ್ತಿತ್ತೇನೋ?”

ಮಾಚನ ಕಣ್ಣು ತುಂಬಿತು. “ಇಲ್ಲ ಅಣ್ಣ.”

ಚೆನ್ನ ತಮ್ಮನನ್ನೇ ನೋಡಿದ. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಕೊನೆಗೆ ಅವನ ಹೆಗಲ ಮೇಲೆ ಕೈ ಹಾಕಿದ.

“ಸರಿ ಬಿಡು. ನನಗೂ ಹೇಳಬೇಡ.”