ಟಿಟ್ಟಿಭ ಮಾತು ಬಿಟ್ಟು ಕೂಗಲು ಕಲಿತದ್ದು

ಭೂಮಿಯ ಮೈ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ಆಗತಾನೇ ತಮ್ಮ ತಮ್ಮ ಜಾಗ ನೋಡಿಕೊಂಡು ಕುಳಿತಿದ್ದವು. ನದಿಗಳಿಗೆ ಯಾವ ಕಡೆ ಹರಿಯಬೇಕೆಂದು ಸರಿಯಾಗಿ ತಿಳಿದಿರಲಿಲ್ಲ. ಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿದ್ದವು. ಕೇಳಿದರೆ ಎಲ್ಲರೂ ದಾರಿ ಹೇಳುತ್ತಿದ್ದರು. ಏಕೆಂದರೆ ಮನುಷ್ಯರು, ಪ್ರಾಣಿಗಳು, ಹಕ್ಕಿಗಳು, ಗಾಳಿ, ನೀರು ಎಲ್ಲರೂ ಆಗ ಒಂದೇ ಮಾತನ್ನು ಆಡುತ್ತಿದ್ದರು.

ಆ ಕಾಲದಲ್ಲಿ ಎಲ್ಲರಿಗಿಂತ ಮೆಲ್ಲಗೆ ಮಾತಾಡುತ್ತಿದ್ದ ಹಕ್ಕಿ ಟಿಟ್ಟಿಭ.

ನಿಮಗೆ ನಗು ಬರಬಹುದು. ಹೊಲದಲ್ಲಿ ಕಾಲಿಟ್ಟರೆ ಸಾಕು, ತಲೆಯ ಮೇಲೆ ಸುತ್ತುತ್ತ ಕಿರುಚುವ ಹಕ್ಕಿ ಅದೇ ತಾನೇ ಎಂದು ಕೇಳಬಹುದು. ಹೌದು, ಅದೇ. ಉದ್ದನೆಯ ಹಳದಿ ಕಾಲು, ಕಪ್ಪು ಎದೆ, ಕಣ್ಣಿನ ಮುಂದೆ ಕೆಂಪು ತೊಗಲು. ಆದರೆ ಆಗ ಆ ಕೆಂಪು ಇರಲಿಲ್ಲ, ಆ ಕಿರುಚಾಟವೂ ಇರಲಿಲ್ಲ. ಅವು ಹೇಗೆ ಬಂದವು ಎಂಬುದೇ ಈ ಕತೆ. ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ. ಬರಬೇಕು.

ಒಂದು ಕಲ್ಲು ಸೀಮೆ. ಅಲ್ಲಿ ಮಣ್ಣಿಗಿಂತ ಬಂಡೆಯೇ ಹೆಚ್ಚು. ಬಂಡೆಗಳ ಸಂದಿಯಲ್ಲಿ ಎಷ್ಟು ಮಣ್ಣಿತ್ತೋ ಅಷ್ಟರಲ್ಲಿ ಜನ ಜೋಳ, ಹುರುಳಿ ಬೆಳೆಯುತ್ತಿದ್ದರು. ಅಲ್ಲಿ ಓಬಯ್ಯನದೊಂದು ಹೊಲ, ಪಕ್ಕದಲ್ಲಿ ಕಾಟಯ್ಯನದೊಂದು ಹೊಲ. ಓಬಯ್ಯ ಕಾಟಯ್ಯನ ಅಕ್ಕನನ್ನು ಮದುವೆಯಾಗಿದ್ದ. ಹಾಗಾಗಿ ಇಬ್ಬರೂ ಬಾವ, ಮೈದುನ. ಎರಡು ಹೊಲಗಳ ನಡುವೆ ಒಂದು ಬದು. ಬದು ಎಂದರೆ ಇದು ನನ್ನದು, ಅದು ನಿನ್ನದು ಎಂದು ತೋರಿಸುವ ಕಲ್ಲುಮಣ್ಣಿನ ದಿಣ್ಣೆ. ಬದು ಮಾತ್ರ ಯಾರದೂ ಅಲ್ಲ. ಅದನ್ನು ಯಾರೂ ಉಳುವುದಿಲ್ಲ.

ಟಿಟ್ಟಿಭ ಆ ಬದುವಿನ ಮೇಲೆ ನಾಲ್ಕು ಮೊಟ್ಟೆ ಇಟ್ಟಿತ್ತು.

ಮರದ ಮೇಲೆ ಏಕೆ ಇಡಲಿಲ್ಲ ಎಂದರೆ, ಅದರ ಬೆರಳುಗಳು ಕೊಂಬೆ ಹಿಡಿಯುವಂಥವಲ್ಲ. ಹೊಲದೊಳಗೆ ಏಕೆ ಇಡಲಿಲ್ಲ ಎಂದರೆ, ಅಲ್ಲಿ ನೇಗಿಲು ಬರುತ್ತದೆ. ಬಹಳ ಯೋಚಿಸಿಯೇ ಅದು ಬದು ಆರಿಸಿಕೊಂಡಿತ್ತು. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಆಮೇಲೆ ಕೆಲವರು, ಹಕ್ಕಿ ಸಿಕ್ಕಲ್ಲಿ ಮೊಟ್ಟೆ ಇಟ್ಟರೆ ಇನ್ನೇನಾಗುತ್ತದೆ ಎಂದರು. ಹಕ್ಕಿ ಸಿಕ್ಕಲ್ಲಿ ಇಟ್ಟಿರಲಿಲ್ಲ.

ಆಗ ಟಿಟ್ಟಿಭದ ಮೊಟ್ಟೆಗಳು ಹಾಲಿನಂತೆ ಬೆಳ್ಳಗಿದ್ದವು. ಬಹಳ ದೂರದಿಂದಲೇ ಕಾಣುತ್ತಿದ್ದವು. ಕಾಣಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ಆ ಊರಲ್ಲಿ ಒಂದು ಪದ್ಧತಿಯಿತ್ತು. ವರ್ಷದ ಮೊದಲ ಉಳುಮೆಗೆ ಮುಂಚೆ ಊರವರೆಲ್ಲ ಸೇರಿ ಒಂದು ಜಿಂಕೆ ಬೇಟೆಯಾಡುತ್ತಿದ್ದರು. ಜಿಂಕೆ ಯಾರ ಹೊಲದಲ್ಲಿ ಬೀಳುತ್ತದೋ ಅವರಿಗೆ ಅದರ ಒಂದು ಹಿಂದಿನ ತೊಡೆ. ಅದನ್ನು ಹೊಲದ ತೊಡೆ ಎನ್ನುತ್ತಿದ್ದರು. ಹೊಲದ ತೊಡೆ ಸಿಕ್ಕವರು ಆ ವರ್ಷ ಊರಿಗೆಲ್ಲ ಮೊದಲು ನೇಗಿಲು ಹೂಡಬೇಕು. ಅದು ದೊಡ್ಡ ಮರ್ಯಾದೆ. ಮಾಂಸ ಒಂದು ದಿನಕ್ಕೆ ಮುಗಿಯುತ್ತದೆ, ಮರ್ಯಾದೆ ವರ್ಷವೆಲ್ಲ ಇರುತ್ತದೆ. ಅದಕ್ಕೇ ಎಲ್ಲರಿಗೂ ಆಸೆ.

ಬೇಟೆಯ ಬೆಳಿಗ್ಗೆ ಟಿಟ್ಟಿಭ ಬೇಟೆಯ ಹಿರಿಯ ಬೊಮ್ಮಜ್ಜನ ಹತ್ತಿರ ನಡೆದುಕೊಂಡು ಹೋಯಿತು. ಬೊಮ್ಮಜ್ಜ ಕಾಲ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಗಂಟು ಬಿಡಿಸುತ್ತಿದ್ದ.

"ಅಜ್ಜಾ, ಬದುವಿನ ಮೇಲೆ ನನ್ನ ಮೊಟ್ಟೆಗಳಿವೆ. ಓಡುವಾಗ ಆ ಜಾಗ ಬಿಟ್ಟು ಸುತ್ತಿ ಹೋಗಲು ಎಲ್ಲರಿಗೂ ಹೇಳುತ್ತೀರಾ?" ಎಂದು ಮೆಲ್ಲಗೆ ಕೇಳಿತು.

"ಆಯ್ತು ತಾಯಿ," ಎಂದ ಬೊಮ್ಮಜ್ಜ.

ಟಿಟ್ಟಿಭ ಓಬಯ್ಯನನ್ನೂ ಕೇಳಿತು. "ಆಯ್ತು ತಾಯಿ," ಎಂದ ಓಬಯ್ಯ. ಕಾಟಯ್ಯನನ್ನೂ ಕೇಳಿತು. "ಆಯ್ತು ತಾಯಿ, ಆಯ್ತು," ಎಂದ ಕಾಟಯ್ಯ. ಅವನು ಎರಡು ಸಲ ಹೇಳಿದ.

ಟಿಟ್ಟಿಭ ನಿಶ್ಚಿಂತೆಯಿಂದ ಬದುವಿಗೆ ಹಿಂತಿರುಗಿತು. ಅಲ್ಲಿ ಗಾಳಿ ಕುಳಿತಿತ್ತು.

"ನಾನು ಅವರ ಕಿವಿಯ ಪಕ್ಕದಲ್ಲೇ ಸುಳಿಯುತ್ತಿದ್ದೆ. ನಿನ್ನ ಮಾತು ಒಳಗೆ ಹೋದಂತೆ ಕಾಣಲಿಲ್ಲ," ಎಂದಿತು ಗಾಳಿ.

"ಹಾಗೆನ್ನಬೇಡ. ಹಿರಿಯರು ಆಯ್ತು ಎಂದ ಮೇಲೆ ಆಯ್ತು," ಎಂದಿತು ಟಿಟ್ಟಿಭ.

ಈಗ ಬಲೆಯ ವಿಷಯ ಹೇಳಬೇಕು. ಊರಿನ ಬಲೆ ಎರಡು ತುಂಡಿನದು. ಎರಡನ್ನೂ ನಡುವೆ ಗಂಟು ಹಾಕಿ ಸೇರಿಸುತ್ತಿದ್ದರು. ಒಂದು ಗೂಟ ಓಬಯ್ಯನ ಹೊಲದಲ್ಲಿ, ಇನ್ನೊಂದು ಕಾಟಯ್ಯನ ಹೊಲದಲ್ಲಿ, ನಡುವಿನ ಗಂಟು ಬದುವಿನ ಹತ್ತಿರ. ಜಿಂಕೆ ಯಾವ ಕಡೆ ಬೀಳುತ್ತದೋ ಅದು ಅವರವರ ಅದೃಷ್ಟ. ಬೊಮ್ಮಜ್ಜ ಹಾಗೇ ಕಟ್ಟಿಸಿ, ತಮಟೆಯವರನ್ನು ಕರೆಯಲು ಹೋದ.

ಅವನು ಅತ್ತ ಹೋಗುತ್ತಲೇ ಕಾಟಯ್ಯ ತನ್ನ ಗೂಟವನ್ನು ಕಿತ್ತು, ಬಲೆ ತನ್ನ ಹೊಲದೊಳಗೆ ಇನ್ನಷ್ಟು ಬರುವಂತೆ ಎಳೆದು ನೆಟ್ಟ. ಓಬಯ್ಯ ಅದನ್ನು ನೋಡಿದ.

"ಏನೋ ಕಾಟ, ಗೂಟ ನಡೆದುಕೊಂಡು ಬಂತಾ?"

"ಇಲ್ಲ ಬಾವ. ಅಲ್ಲಿ ಕೆಳಗೆ ಬಂಡೆ ಇತ್ತು, ಇಳಿಯಲಿಲ್ಲ."

"ನಿನಗೆ ಬೇಕಾದಾಗೆಲ್ಲ ಬಂಡೆ ಸಿಗುತ್ತೆ ನೋಡು."

"ನಮ್ಮಕ್ಕನ್ನ ಕೊಟ್ಟಾಗಿಂದ ಸಿಗ್ತಾನೇ ಇದೆ ಬಾವ. ಎದುರಿಗೇ ನಿಂತಿದೆ."

ಓಬಯ್ಯ ಹೋಗಿ ತನ್ನ ಗೂಟ ಕಿತ್ತು, ತನ್ನ ಕಡೆಗೆ ಎಳೆದು ನೆಟ್ಟ. ಕಾಟಯ್ಯ ಮತ್ತೆ ಎಳೆದ. ಓಬಯ್ಯ ಮತ್ತೆ ಎಳೆದ. ಒಂದು ಕಂಬಳಿಯನ್ನು ಇಬ್ಬರು ಎರಡು ಕಡೆಯಿಂದ ಎಳೆದರೆ ಏನಾಗುತ್ತದೆಂದು ನಿಮಗೆ ಗೊತ್ತು. ಇಲ್ಲೂ ಹಾಗೇ ಆಯಿತು. ನಡುವಿನ ಗಂಟು ಬಿಚ್ಚಿಕೊಂಡಿತು. ಬಲೆ ಎರಡಾಗಿ ನಡುವೆ ದೊಡ್ಡ ಕಂಡಿ ಬಿತ್ತು.

ಆ ಕಂಡಿ ಎಲ್ಲಿ ಬಿತ್ತು ಗೊತ್ತೇ? ಸರಿಯಾಗಿ ಬದುವಿನ ಮೇಲೆ. ಮೊಟ್ಟೆಗಳಿದ್ದ ಕಡೆ.

ಟಿಟ್ಟಿಭ ಮತ್ತೆ ಕಾಟಯ್ಯನ ಹತ್ತಿರ ಓಡಿತು. "ಅಣ್ಣಾ, ಗಂಟು ಬಿಚ್ಚಿದೆ. ಇನ್ನು ಎಲ್ಲರೂ ನನ್ನ ಮೊಟ್ಟೆಯ ಮೇಲೇ ಬರುತ್ತಾರೆ. ದಯವಿಟ್ಟು ಕಟ್ಟಿ," ಎಂದಿತು.

"ಆಯ್ತು ತಾಯಿ," ಎಂದ ಕಾಟಯ್ಯ. ಅವನ ಕಣ್ಣು ಬಾವನ ಗೂಟದ ಮೇಲಿತ್ತು.

ಅಷ್ಟರಲ್ಲಿ ತಮಟೆ ಬಡಿಯಿತು.

ಬೇಟೆ ಶುರುವಾಯಿತು ಎನ್ನಬೇಕು, ಆದರೆ ಅದನ್ನು ಬೇಟೆ ಎನ್ನಲು ನಾಚಿಕೆಯಾಗುತ್ತದೆ. ನಾಯಿಗಳು ಒಂದು ಮೊಲವನ್ನು ಕಂಡು, ಜಿಂಕೆಯನ್ನು ಬಿಟ್ಟು ಬೇರೆ ದಿಕ್ಕಿಗೆ ಹೋದವು. ಕಾಟಯ್ಯ ಎಸೆದ ಈಟಿ ಬಂಡೆಗೆ ತಾಗಿ, ಹಿಂದಕ್ಕೆ ಚಿಮ್ಮಿ, ಓಬಯ್ಯನ ರುಮಾಲನ್ನು ಹಾರಿಸಿಕೊಂಡು ಹೋಯಿತು. ಓಬಯ್ಯ ತಲೆ ಮುಟ್ಟಿ ನೋಡಿಕೊಳ್ಳುತ್ತ ಹಿಂದೆ ಹಿಂದೆ ಹೆಜ್ಜೆಯಿಟ್ಟು ತನ್ನದೇ ತಿಪ್ಪೆಗುಂಡಿಗೆ ಬಿದ್ದ. ಎಲ್ಲ ಸರಿಯಾಗಿ ಕಾಣಲೆಂದು ಬೊಮ್ಮಜ್ಜ ಒಂದು ಬಂಡೆ ಹತ್ತಿದ. ಹತ್ತುವುದು ಬಂತು, ಇಳಿಯುವುದು ಬರಲಿಲ್ಲ. ಅಲ್ಲಿಂದಲೇ ಎಡಕ್ಕೆ ಎಂದ, ಬಲಕ್ಕೆ ಎಂದ. ಯಾರ ಎಡ, ಯಾರ ಬಲ ಎಂದು ಯಾರಿಗೂ ತಿಳಿಯಲಿಲ್ಲ.

ಆಗ ಬಂಡೆಗಳ ನಡುವಿನಿಂದ ಜಿಂಕೆ ಬಂತು.

ಹೆಣ್ಣು ಜಿಂಕೆ. ಕಣ್ಣು ಅಗಲವಾಗಿತ್ತು, ಬಾಯಿಂದ ನೊರೆ ಬರುತ್ತಿತ್ತು. ಎರಡೂ ಕಡೆ ಬಲೆ, ಹಿಂದೆ ಸಾವು, ಮುಂದೆ ಆ ಒಂದೇ ಕಂಡಿ. ಆ ಕಾಲದಲ್ಲಿ ಜಿಂಕೆಗಳು ನೆಗೆಯುತ್ತಿರಲಿಲ್ಲ. ಕುರಿಯ ಹಾಗೆ ತಲೆ ತಗ್ಗಿಸಿ ನೇರ ಓಡುತ್ತಿದ್ದವು. ಅದು ನೇರ ಮೊಟ್ಟೆಗಳ ಕಡೆಗೇ ಬಂತು.

ಟಿಟ್ಟಿಭ ಮೊಟ್ಟೆಗಳ ಮುಂದೆ ರೆಕ್ಕೆ ಬಿಚ್ಚಿ ನಿಂತಿತು. "ಅಕ್ಕಾ, ಮೊಟ್ಟೆ," ಎಂದಿತು, ಅದೇ ಮೆಲುದನಿಯಲ್ಲಿ.

ಜಿಂಕೆಗೆ ಕೇಳಿಸಿತು. ನಾಲ್ಕೂ ಕಾಲನ್ನು ಹೊಟ್ಟೆಯ ಕೆಳಗೆ ಮಡಿಚಿಕೊಂಡು, ಗಾಳಿಯಲ್ಲಿ ಬಾಗಿದ ಬಿಲ್ಲಿನಂತೆ ಮೇಲಕ್ಕೆ ಚಿಮ್ಮಿ, ಹಕ್ಕಿಯನ್ನೂ ಮೊಟ್ಟೆಗಳನ್ನೂ ದಾಟಿ ಆಚೆ ಇಳಿಯಿತು. "ಹೆದರಬೇಡ ತಂಗಿ, ತಾಗಲಿಲ್ಲ," ಎಂದು ಓಡುತ್ತಲೇ ಹೇಳಿ ಮರೆಯಾಯಿತು.

ಅದರ ಹಿಂದೆ ಬಾವ, ಮೈದುನ ಬಂದರು. ಒಬ್ಬನ ಮೈಗೆಲ್ಲ ತಿಪ್ಪೆ, ಇನ್ನೊಬ್ಬನ ಕೈಯಲ್ಲಿ ಈಟಿಯಿಲ್ಲ. ಜಿಂಕೆಯನ್ನು ಹಿಡಿಯುವುದಕ್ಕಿಂತ ಅದು ಇನ್ನೊಬ್ಬನ ಹೊಲದಲ್ಲಿ ಬೀಳದಂತೆ ನೋಡಿಕೊಳ್ಳುವುದೇ ಇಬ್ಬರಿಗೂ ಮುಖ್ಯವಾಗಿತ್ತು. ಒಬ್ಬರನ್ನೊಬ್ಬರು ದೂಡುತ್ತ ಬಂದರು.

"ಅಣ್ಣಾ, ಇಲ್ಲಿ ಮೊಟ್ಟೆ. ಸ್ವಲ್ಪ ಸುತ್ತಿ ಬನ್ನಿ," ಎಂದಿತು ಟಿಟ್ಟಿಭ.

"ಆಯ್ತು ತಾಯಿ," ಎಂದ ಓಬಯ್ಯ. ಹಾಗೆನ್ನುತ್ತಲೇ ಒಂದು ಮೊಟ್ಟೆಯನ್ನು ತುಳಿದ.

"ಆಯ್ತು ತಾಯಿ," ಎಂದ ಕಾಟಯ್ಯ. ಹಾಗೆನ್ನುತ್ತಲೇ ಇನ್ನೊಂದನ್ನು ತುಳಿದ.

ಮಕ್ಕಳೇ, ಇದನ್ನು ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ. ತುಳಿದದ್ದಕ್ಕಲ್ಲ, ಕಾಲು ಕೆಲವೊಮ್ಮೆ ತಪ್ಪುತ್ತದೆ. ಆಯ್ತು ಎನ್ನುತ್ತಲೇ ತುಳಿದದ್ದಕ್ಕೆ.

ಓಬಯ್ಯ ಮತ್ತೊಂದು ಕಾಲು ಎತ್ತಿದ. ಆ ಕಾಲು ಮೂರನೆಯ ಮೊಟ್ಟೆಯ ಮೇಲೆ ಇಳಿಯುವುದರಲ್ಲಿತ್ತು.

ಆಗ ಟಿಟ್ಟಿಭ ಕೂಗಿತು.

ಅಂಥ ಕೂಗನ್ನು ಹೊಸ ಲೋಕ ಅಲ್ಲಿಯವರೆಗೆ ಕೇಳಿರಲಿಲ್ಲ. ಅದರಲ್ಲಿ ಮಾತಿರಲಿಲ್ಲ. ಟೀ ಟಿಟಿಟೀ ಎಂದು ಬಂಡೆಯಿಂದ ಬಂಡೆಗೆ ಬಡಿದು ಬಂತು. ತಮಟೆ ನಿಂತಿತು. ದೂರದಲ್ಲಿ ನಾಯಿಗಳು ನಿಂತವು. ಬೊಮ್ಮಜ್ಜ ಬಂಡೆಯಿಂದ ಜಾರಿ ಕೆಳಗೇ ಬಂದುಬಿಟ್ಟ. ಓಬಯ್ಯ ಎತ್ತಿದ ಕಾಲನ್ನು ಎತ್ತಿಕೊಂಡೇ ನಿಂತ. ಟಿಟ್ಟಿಭದ ಕಣ್ಣಿನ ಮುಂದಿನ ತೊಗಲು ಅಳುವಿಗೂ ಸಿಟ್ಟಿಗೂ ಊದಿಕೊಂಡು ಕೆಂಡದಂತೆ ಕೆಂಪಾಯಿತು.

"ಕಾಟ ಗೂಟ ಎಳೆಯದಿದ್ದರೆ ಹೀಗಾಗುತ್ತಿರಲಿಲ್ಲ," ಎಂದ ಓಬಯ್ಯ, ಒಂಟಿಕಾಲಲ್ಲಿ.

"ಬಾವ ದೂಡದಿದ್ದರೆ ಹೀಗಾಗುತ್ತಿರಲಿಲ್ಲ," ಎಂದ ಕಾಟಯ್ಯ.

ಬೊಮ್ಮಜ್ಜ ಕುಂಟುತ್ತ ಬಂದ. ಒಡೆದ ಚಿಪ್ಪುಗಳನ್ನು ನೋಡಿದ. "ಆದದ್ದು ಆಗಿಹೋಯಿತು ತಾಯಿ. ಮುಂದಿನ ಬೇಟೆಯಲ್ಲಿ ನಿನಗೂ ಒಂದು ಪಾಲು ಇಡೋಣ," ಎಂದ.

"ನಾನು ಹುಳ ತಿನ್ನುವವಳು ಅಜ್ಜಾ. ಜಿಂಕೆಯ ಪಾಲು ನನಗೇಕೆ?" ಎಂದಿತು ಟಿಟ್ಟಿಭ. "ಆ ಜಿಂಕೆಯ ಹಿಂದೆ ಸಾವು ಬರುತ್ತಿತ್ತು. ಆದರೂ ಅದಕ್ಕೆ ನನ್ನ ಮಾತು ಕೇಳಿಸಿತು. ನಿಮ್ಮ ಹಿಂದೆ ಯಾರು ಬರುತ್ತಿದ್ದರು? ನಾನು ಮರ್ಯಾದೆಯಿಂದ ಕೇಳಿದೆ. ನೀವು ಆಗುವುದಿಲ್ಲ ಎಂದಿದ್ದರೆ ಬೆಳಿಗ್ಗೆಯೇ ಎದ್ದು ಕೂಗುತ್ತಿದ್ದೆ, ನನ್ನ ನಾಲ್ಕೂ ಮೊಟ್ಟೆಗಳು ಉಳಿಯುತ್ತಿದ್ದವು. ನೀವು ಆಯ್ತು ಎಂದಿರಿ. ಅದಕ್ಕೇ ಸುಮ್ಮನಿದ್ದೆ."

ಬೊಮ್ಮಜ್ಜ ತಲೆ ತಗ್ಗಿಸಿದ. ಟಿಟ್ಟಿಭ ಮನುಷ್ಯರ ಜೊತೆ ಆಡಿದ ಕೊನೆಯ ಮಾತು ಅದೇ. ಮಾತಿಗೆ ಬೆಲೆಯಿಲ್ಲದ ಕಡೆ ಮಾತನ್ನು ಏಕೆ ಖರ್ಚು ಮಾಡಬೇಕು ಎಂದು ಅದು ಮಾತನ್ನೇ ಬಿಟ್ಟಿತು.

ಎಲ್ಲರೂ ಹೋದ ಮೇಲೆ ನೆಲ ಮಾತಾಡಿತು. "ನಿನ್ನ ಮೊಟ್ಟೆಯ ಬಿಳುಪು ಅವರನ್ನು ತಡೆಯಲಿಲ್ಲ ಮಗಳೇ. ಇನ್ನು ಅದು ಕಳ್ಳರಿಗಷ್ಟೇ ಕಾಣುತ್ತದೆ. ನನ್ನ ಬಣ್ಣ ತಗೋ." ಗಾಳಿ ಮೆತ್ತಗೆ ಬಂದು ನೆಲದ ಮಣ್ಣನ್ನೂ ಸುಟ್ಟ ಕಲ್ಲಿನ ಕರಿಯನ್ನೂ ಉಳಿದೆರಡು ಮೊಟ್ಟೆಗಳ ಮೇಲೆ ಎರಚಿತು. ಮೊಟ್ಟೆಗಳು ಕಲ್ಲುಗಳ ನಡುವೆ ಕಲ್ಲಿನಂತಾದವು. ಕೆಲವು ದಿನಗಳಲ್ಲಿ ಅವು ಒಡೆದು ಎರಡು ಮರಿಗಳು ಹೊರಬಂದವು. ಬಂದವೇ ಅಮ್ಮನ ಹಿಂದೆ ಓಡಿದವು.

ಜಿಂಕೆ ಮಾತ್ರ ಆ ನೆಗೆತವನ್ನು ಮರೆಯಲಿಲ್ಲ. ಎಲ್ಲೋ ಕಾಲ ಕೆಳಗೆ ಯಾರದೋ ಮೊಟ್ಟೆ ಇರಬಹುದೆಂದು ಅದು ತನ್ನ ಮರಿಗಳಿಗೂ ನೆಗೆಯಲು ಕಲಿಸಿತು. ಆ ವರ್ಷ ಹೊಲದ ತೊಡೆ ಯಾರಿಗೂ ಸಿಗಲಿಲ್ಲ. ಮೊದಲ ನೇಗಿಲು ಯಾರದೆಂದು ಬಾವ, ಮೈದುನ ಮಳೆ ಬಂದ ಮೇಲೂ ಜಗಳವಾಡುತ್ತಿದ್ದರು.

ಅದಕ್ಕೇ ಇವತ್ತಿಗೂ ಬಯಲಿನಲ್ಲಿ ಓಡುವ ಜಿಂಕೆ ಎದುರಿಗೆ ಏನೂ ಇಲ್ಲದಿದ್ದರೂ ಎತ್ತರಕ್ಕೆ ನೆಗೆಯುತ್ತದೆ. ಅದಕ್ಕೇ ನಾವು ಹೊಲದಲ್ಲಿ ಕಾಲಿಟ್ಟೊಡನೆ ಟಿಟ್ಟಿಭ ಎದ್ದು ತಲೆಯ ಮೇಲೆ ಸುತ್ತುತ್ತ ಕೂಗುತ್ತದೆ, ನಾವು ಎಷ್ಟೇ ಮರ್ಯಾದೆಯಿಂದ ಸುತ್ತಿ ಹೋದರೂ ಹೊಲ ದಾಟಿ ಕಣ್ಮರೆಯಾಗುವವರೆಗೆ ಅದು ಕೂಗು ನಿಲ್ಲಿಸುವುದಿಲ್ಲ, ಏಕೆಂದರೆ ನಮ್ಮನ್ನು ಅದು ಇನ್ನೂ ನಂಬಿಲ್ಲ.