ನೋವಿಲ್ಲ ಅಂದವಳು

ತುಂಗಭದ್ರೆಯ ದಂಡೆಯ ಮಠವೊಂದರಲ್ಲಿ ಸಿದ್ರಾಮಜ್ಜ ಎಂಬ ಹಿರಿಯರಿದ್ದರು. ಆಡುವಾಗ ಕೈಕಾಲು ಉಳುಕಿಸಿಕೊಂಡವರು ಅವರ ಹತ್ತಿರ ಬರುತ್ತಿದ್ದರು.

ಅಜ್ಜನ ಮಾತು ಒರಟು. ಶಿಷ್ಯ ಸಂಗಯ್ಯನದು ಬೆಣ್ಣೆ. ಅವನ ಕೈಗುಣವೂ ಚೆನ್ನ, ನಗುವೂ ಚೆನ್ನ.

ಖೊಖೊ ಆಡುವ ನೀಲವ್ವನ ಮೊಣಕಾಲಿಗೆ ಅವನೇ ಒಂದು ತಿಂಗಳು ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದ. ನೋವಿನ ಬಗ್ಗೆ ದಿನವೂ ಕೇಳಿದ. ಮೊದಲ ದಿನ ಬಿಟ್ಟರೆ ದಿನವೂ ಆಕೆ "ಕಡಿಮಿ ಆಗೇತ್ರಿ" ಅಂದಳು. ಕೊನೆಗೊಂದು ದಿನ "ಇನ್ನ ಆಡು, ಹೋಗು" ಎಂದು ಕಳಿಸಿದ.

ಪಂದ್ಯದಲ್ಲಿ ಕಂಬ ಹಿಡಿದು ತಿರುಗುವಾಗ ಮೊಣಕಾಲು ಕೈಕೊಟ್ಟಿತು. ನೀಲವ್ವ ಅಣ್ಣನ ಬೆನ್ನ ಮೇಲೆ ಮಠಕ್ಕೆ ಬಂದಳು.

ಸಂಗಯ್ಯ ಅಜ್ಜನ ಕಡೆ ತಿರುಗಿದ.

"ನಾ ದಿನಾ ಕೇಳೀನ್ರಿ ಅಜ್ಜಾರ. ಸುಳ್ಳು ಹೇಳಿದ್ರ ನಾ ಏನು ಮಾಡ್ಲಿ?"

"ಹೆಂಗ ಕೇಳತಿದ್ದಿ? ಕೇಳಿ ತೋರಸು."

ಸಂಗಯ್ಯ ಆಕೆಯ ಎದುರು ಬಗ್ಗಿದ. ರೂಢಿಯಂತೆ ತುಟಿ ಅರಳಿತು. "ಇವತ್ತ ನೋವು ಇಲ್ಲಲ್ಲ, ತಂಗಿ?"

"ಇಲ್ರಿ ಅಣ್ಣಾರ," ಅಂದುಬಿಟ್ಟಳು ನೀಲವ್ವ. ಕಾಲು ನೋಡಿದರೆ ಗಡಿಗೆಯ ಹಾಗೆ ಬಾತಿತ್ತು. ಅಂದವಳೇ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಜ್ಜ ಆಕೆಯ ಪಕ್ಕ ಕೂತು, ಆ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಏನೂ ಕೇಳಲಿಲ್ಲ. ಎಷ್ಟೋ ಹೊತ್ತು ಹಾಗೇ ಕೂತರು.

"ಭಾಳ ನೋವೈತ್ರಿ ಅಜ್ಜಾರ," ನೀಲವ್ವ ಬಿಕ್ಕಿದಳು. "ಮೊದಲಿಂದನೂ ಇತ್ತು."

"ಮತ್ತ ನನಗ್ಯಾಕ ಹೇಳಲಿಲ್ಲ?" ಸಂಗಯ್ಯ ಕೇಳಿದ.

"ಮೊದಲ ದಿನ ಹೇಳಿದ್ನಿ. ನಿಮ್ಮ ಮಾರಿ ಸಣ್ಣದಾತು. ಕಡಿಮಿ ಆಗೇತಿ ಅಂದ್ರ ಅರಳತಿತ್ರಿ. ನನ್ನ ಸಲುವಾಗಿ ಅಷ್ಟು ಕಷ್ಟಪಡತೀರಿ, ಹೆಂಗ ಹೇಳ್ಲಿ?"



"ಈ ವರ್ಷ ಆಟ ಇಲ್ಲ," ಅಂದರು ಅಜ್ಜ ಆಕೆಗೆ. "ಮುಂದಿನ ವರ್ಷ ಆಡತಿಯೋ ಇಲ್ಲೋ, ನನಗೂ ಗೊತ್ತಿಲ್ಲ."

ನೀಲವ್ವ ಅತ್ತಳು. ಆದರೆ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು.

ಸಂಗಯ್ಯ ಮೋರೆ ಗಂಟಿಕ್ಕಿಕೊಂಡು ಪಟ್ಟಿ ಬಿಚ್ಚತೊಡಗಿದ.

"ಹೊಟ್ಟಿ ನೋಯತೈತೇನೋ?" ಅಜ್ಜ ಕೇಳಿದರು.

"ಇಲ್ರಿ. ಇನ್ನ ಮ್ಯಾಲ ನಿಮ್ಮಂಗ ಇರಬೇಕಂತ ಮಾಡೀನಿ. ನಗೂದಿಲ್ಲ."

"ನಿನ್ನೆತನಕ ನಿನಗ ಬ್ಯಾಸರಾದೀತಂತ ನೋವಿಲ್ಲ ಅಂತಿದ್ಲು. ಇನ್ನ ನಿನಗ ಅಂಜಿ ಹಂಗ ಅಂತಾಳ."

"ಮತ್ತ ಹೆಂಗ ಇರ್ಲಿ ಅಜ್ಜಾರ?"

ಅಜ್ಜ ಎಣ್ಣೆಯ ಬಟ್ಟಲನ್ನು ಅವನತ್ತ ಸರಿಸಿದರು.

"ನಗಬೇಕಂದ್ರ ನಗು, ಅಳಬೇಕಂದ್ರ ಅಳು. ಆದ್ರ ಮೊದಲ ಆಕಿ ಹೇಳಿ ಮುಗಸಲಿ."